ಮೊದಲ ಸಲ ವೇದಿಕೆ ಹತ್ತುವ ಪುಟಾಣಿಗಳ ಹಾಡು-ನಾಟಕ: ಕೊಡಗಿನ ಟೀಚರುಗಳಿಗೆ, ಮನೆಯವರಿಗೆ ಒಂದು ಮಾರ್ಗದರ್ಶಿ

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂತು ಅಂದರೆ ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಸಿನಿಮಾ ಹಾಡೊಂದಕ್ಕೆ ಡ್ಯಾನ್ಸ್ ಕಲಿಸಿಬಿಡುವುದು ರೂಢಿ. ಡಬ್ಬದಷ್ಟು ದೊಡ್ಡ ಸ್ಪೀಕರ್ ಹಾಡುತ್ತದೆ, ಮಕ್ಕಳು ಕೈಕಾಲು ಆಡಿಸುತ್ತಾರೆ. ಮಕ್ಕಳ ದನಿ ಮಾತ್ರ ಯಾರಿಗೂ ಕೇಳುವುದಿಲ್ಲ. ಇದರ ಬದಲು ಮಕ್ಕಳೇ ಹಾಡುವ, ಮಕ್ಕಳೇ ಆಡುವ ಇಪ್ಪತ್ತು ನಿಮಿಷದ ಒಂದು ಹಾಡು-ನಾಟಕ ಮಾಡಿಸಿ ಎಂದು ನಾನು ಹೇಳುತ್ತೇನೆ. ಕೆಲಸ ಸ್ವಲ್ಪ ಜಾಸ್ತಿ. ಆದರೆ ಆರೇಳು ವರ್ಷದ ಮಗುವಿಗೆ ತನ್ನ ದನಿ ಊರಿನವರ ಮುಂದೆ ಕೇಳಿಸಿತು ಅನ್ನುವುದು ದೊಡ್ಡ ವಿಷಯ.

ಶುರು ಮಾಡುವ ಮೊದಲೇ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ನಾಟಕವನ್ನು ಮಗುವಿನ ಅಳತೆಗೆ ಹೊಲಿಯಬೇಕು, ಹೊಲಿದಿಟ್ಟ ಅಂಗಿಯೊಳಗೆ ಮಗುವನ್ನು ತುರುಕಬಾರದು. ದಿನ, ಕಥೆ, ಶ್ರುತಿ, ಬಟ್ಟೆ, ಮೈಕ್ ಎಲ್ಲದರಲ್ಲೂ ಈ ಪ್ರಶ್ನೆ ಬರುತ್ತದೆ: ಇದು ಮಗುವಿಗೆ ಹೊಂದುತ್ತದಾ, ಇಲ್ಲ ನೋಡುವವರಿಗೆ ಚೆಂದ ಕಾಣಲಿ ಅಂತ ಮಾಡುತ್ತಿದ್ದೇವಾ?

ದಿನ, ಹೊತ್ತು ಗೊತ್ತು ಮಾಡುವುದು

ಕೊಡಗಿನಲ್ಲಿ ಇದು ಮೊದಲ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾಲೀಮು ಇಟ್ಟುಕೊಳ್ಳುವ ಯೋಚನೆಯೇ ಬೇಡ. ಮಳೆ ಜೋರಾದರೆ ಶಾಲೆಗೆ ರಜೆ. ರಜೆ ಇಲ್ಲದ ದಿನವೂ ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಪಕ್ಕದವರು ಹಾಡಿದ್ದೇ ಕೇಳುವುದಿಲ್ಲ. ಅಕ್ಟೋಬರ್‌ನಲ್ಲಿ ದಸರಾ ರಜೆ, ತಿಂಗಳ ನಡುವೆ ಕಾವೇರಿ ಸಂಕ್ರಮಣ. ಇವೆರಡೂ ಮುಗಿದ ಮೇಲೆ ತಾಲೀಮು ಶುರು ಮಾಡಿದರೆ ಆರೇಳು ವಾರ ಸಿಗುತ್ತದೆ. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿ, ಹುಣ್ಣಿಮೆಯ ಆಸುಪಾಸು, ಅಂದರೆ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನೊಳಗೆ ಬರುತ್ತದೆ. ಆ ವರ್ಷದ ಹುತ್ತರಿ ಯಾವತ್ತು ಅಂತ ನೋಡಿಕೊಂಡು, ಹಬ್ಬ ಕಳೆದು ಒಂದು ವಾರ ಬಿಟ್ಟು ದಿನ ಇಟ್ಟುಕೊಳ್ಳಿ. ಹಬ್ಬದ ವಾರದಲ್ಲಿ ಅರ್ಧ ತರಗತಿ ಅಜ್ಜನ ಮನೆಯಲ್ಲಿರುತ್ತದೆ.

ಜನವರಿಗೆ ತಳ್ಳಬೇಡಿ. ಅಷ್ಟೊತ್ತಿಗೆ ರೋಬಸ್ಟಾ ಕಾಫಿಯ ಕೊಯ್ಲು ಜೋರಾಗಿರುತ್ತದೆ. ತೋಟದ ಲೈನ್ ಮನೆಗಳಲ್ಲಿ (ಕೂಲಿಯವರಿಗಾಗಿ ಸಾಲಾಗಿ ಕಟ್ಟಿದ ಮನೆಗಳು) ಇರುವ ಅಪ್ಪ-ಅಮ್ಮಂದಿರಿಗೆ ಕುಯ್ದಷ್ಟು ಕೂಲಿ, ಒಂದು ದಿನ ಬಿಟ್ಟರೂ ನಷ್ಟ. ತೋಟದ ಮಾಲೀಕರಿಗೂ ಬಿಡುವಿಲ್ಲ. ನಿಮ್ಮ ಕಡೆಯ ತೋಟಗಳಲ್ಲಿ ಸಂತೆ ದಿನ ರಜೆ ಕೊಡುವ ಪದ್ಧತಿ ಇದ್ದರೆ ಅದನ್ನೂ ಗಮನಿಸಿ. ಬೆಳಿಗ್ಗೆ ಕಾರ್ಯಕ್ರಮ, ಮಧ್ಯಾಹ್ನದ ಮೇಲೆ ಸಂತೆ ಅಂದರೆ ಮನೆಯವರು ಬಂದೇ ಬರುತ್ತಾರೆ. ಮಗು ವೇದಿಕೆಯಿಂದ ಕಣ್ಣಾಡಿಸುವುದು ಅವರಿಗಾಗಿಯೇ ಅಲ್ವಾ?

ಹೊತ್ತಿನ ವಿಷಯದಲ್ಲಿ ನನ್ನದು ಹಟವೇ. ಪುಟ್ಟ ಮಕ್ಕಳ ನಾಟಕ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆಗಬೇಕು. ರಾತ್ರಿ ಕಾರ್ಯಕ್ರಮದಲ್ಲಿ ಎಂಟು ಗಂಟೆಗೆ ಇವರ ಸರದಿ ಬರುವಷ್ಟರಲ್ಲಿ ಅರ್ಧ ಮಕ್ಕಳು ನಿದ್ದೆ ಹೋಗಿರುತ್ತಾರೆ, ಉಳಿದವರು ಮಡಿಕೇರಿಯ ಡಿಸೆಂಬರ್ ಚಳಿಗೆ ನಡುಗುತ್ತಿರುತ್ತಾರೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ, ಅಮ್ಮತ್ತಿ ಕಡೆ ಇನ್ನೊಂದು ಕಾರಣವೂ ಇದೆ. ಅಲ್ಲಿ ಕಾಡಾನೆಗಳು ತೋಟದಲ್ಲೇ ಬೀಡು ಬಿಟ್ಟಿರುತ್ತವೆ, ಕತ್ತಲಾಗುವ ಹೊತ್ತಿಗೆ ರಸ್ತೆಗೆ ಬರುತ್ತವೆ. ಡಿಸೆಂಬರ್‌ನಲ್ಲಿ ಆರು ಗಂಟೆ ಕಳೆದರೆ ಕತ್ತಲು. ನಡೆದು ಹೋಗುವ ಮಗುವೂ ಬೆಳಕಿರುವಾಗಲೇ ಮನೆ ಸೇರುವಂತೆ ಲೆಕ್ಕ ಹಾಕಿ.

ಇನ್ನೊಂದು ಮಾತು. ಪುಟಾಣಿಗಳ ನಾಟಕವನ್ನು ಅತಿಥಿಗಳ ಭಾಷಣಕ್ಕಿಂತ ಮೊದಲು ಇಡಿ. ಬಣ್ಣ ಹಚ್ಚಿಕೊಂಡ ಮಗುವನ್ನು ಒಂದೂವರೆ ಗಂಟೆ ಕೂರಿಸಿಟ್ಟರೆ ಅದು ಕಲಿತದ್ದೆಲ್ಲ ಹೊರಟುಹೋಗುತ್ತದೆ. ಅತಿಥಿಗಳಿಗೆ ಮೊದಲೇ ವಿವರಿಸಿ ಹೇಳಿದರೆ ಬೇಡ ಅನ್ನುವವರು ಇಲ್ಲ.

ಕಥೆ ಹತ್ತಿರದ್ದಿರಲಿ

ಅರಮನೆ, ರಾಕ್ಷಸ, ಪರದೇಶದ ರಾಜಕುಮಾರಿ ಯಾರೂ ಬೇಕಿಲ್ಲ. ಮಗು ದಿನಾ ನೋಡುವುದರಲ್ಲೇ ಕಥೆ ಹುಡುಕಿ. ಮಾರ್ಚ್-ಏಪ್ರಿಲ್‌ನ ಹೂ ಅರಳಿಸುವ ಹೂಮಳೆಗೆ ಕಾಯುವ ಕಾಫಿ ಗಿಡಗಳು. ಮೊದಲ ಮಳೆಗೆ ಎದ್ದ ಕಪ್ಪೆಗಳ ಮೇಳ. ಗೂಡಿನೊಳಗಿನ ತಾಯಿಗೆ ಹಣ್ಣು ತಂದುಕೊಡುವ ಮಂಗಟ್ಟೆ ಹಕ್ಕಿ. ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ಸಣ್ಣ ಸೀಳು ಬಿಟ್ಟು ಮುಚ್ಚಿಕೊಳ್ಳುತ್ತದೆ, ಗಂಡು ಹೊರಗಿಂದ ಊಟ ತರುತ್ತದೆ. ಇದಕ್ಕಿಂತ ಒಳ್ಳೆಯ ನಾಟಕ ಯಾರು ಬರೆದುಕೊಟ್ಟಾರು?

ನನಗೆ ತುಂಬಾ ಇಷ್ಟವಾದದ್ದು ಹೊಳೆಯ ಕಥೆ. ತಲಕಾವೇರಿಯಲ್ಲಿ ಹುಟ್ಟಿದ ಹೊಳೆ ಭಾಗಮಂಡಲಕ್ಕೆ ಇಳಿಯುತ್ತದೆ, ಅಲ್ಲಿ ಕನ್ನಿಕೆ ಹೊಳೆ ಸೇರುತ್ತದೆ. ಬಲಮುರಿ, ಸಿದ್ದಾಪುರ, ದುಬಾರೆ, ಕುಶಾಲನಗರ ದಾಟಿ ಕೂಡಿಗೆಯಲ್ಲಿ ಹಾರಂಗಿ ಹೊಳೆಯನ್ನು ಕೂಡಿಕೊಳ್ಳುತ್ತದೆ. ಒಂದೊಂದು ಊರಿಗೆ ಒಂದು ಸಣ್ಣ ಗುಂಪು. ಭಾಗಮಂಡಲದಲ್ಲಿ ಮಂಜು, ಬಲಮುರಿಯಲ್ಲಿ ಮೀನು ಮತ್ತು ಕಪ್ಪೆ, ದುಬಾರೆಯಲ್ಲಿ ಆನೆಮರಿಗಳು ಮತ್ತು ನೀರುನಾಯಿ, ಕುಶಾಲನಗರದ ಬಯಲಿನಲ್ಲಿ ರೈತರು. ನೀಲಿ ಸೀರೆ ಹಿಡಿದ ಎಂಟು ಮಕ್ಕಳೇ ಹೊಳೆ. ಹೊಳೆ ಹಾದುಹೋದ ಹಾಗೆ ಪ್ರತಿ ಗುಂಪು ಎದ್ದು ತನ್ನ ಹಾಡು ಹಾಡಿ ಹೊಳೆಯ ಹಿಂದೆ ಸೇರುತ್ತದೆ. ಕೊನೆಗೆ ಎಲ್ಲರೂ ಹೊಳೆಯೇ. ಯಾರೂ ವೇದಿಕೆಯಿಂದ ಇಳಿಯಬೇಕಿಲ್ಲ, ಮತ್ತೆ ಬರಬೇಕಿಲ್ಲ. ಪುಟ್ಟ ಮಕ್ಕಳಿಗೆ ಒಳಗೆ ಹೋಗಿ ಹೊರಗೆ ಬರುವುದೇ ಕಷ್ಟ, ಆದ್ದರಿಂದ ಇಂಥ ಕಟ್ಟು ಒಳ್ಳೆಯದು.

ಕಾವೇರಿ ಇಲ್ಲಿ ದೇವರು, ಅದು ನೆನಪಿರಲಿ. ಒಂದು ಮಗುವಿಗೆ ದೇವಿಯ ವೇಷ ಹಾಕುವುದು ಬೇಡ. ಹೊಳೆ ಹೊಳೆಯಾಗಿಯೇ ಹರಿಯಲಿ, ತಮಾಷೆಯೆಲ್ಲ ಮೀನಿಗೂ ಕಪ್ಪೆಗೂ ಇರಲಿ.

ಹಾಡಿನ ಮೂಲಕ ನಾಟಕ ಆಡುವುದು ಈ ಜಿಲ್ಲೆಗೆ ಹೊಸದಲ್ಲ. 1868ರಲ್ಲಿ ಹುಟ್ಟಿದ ಹರದಾಸ ಅಪ್ಪಚ್ಚ ಕವಿಗಳು ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಹಾಡು ತುಂಬಿದ ನಾಟಕಗಳನ್ನು ಬರೆದು ಆಡಿಸಿದವರು. ಹಿರಿಯರ ಹತ್ತಿರ ಮಾತು ಶುರು ಮಾಡಲು ಇದು ಒಳ್ಳೆಯ ಎಳೆ. "ಅಪ್ಪಚ್ಚ ಕವಿಯ ಊರಿನ ಮಕ್ಕಳು ನಾಟಕ ಆಡ್ತಾರೆ, ಸ್ವಲ್ಪ ಸಹಾಯ ಮಾಡಿ" ಅಂದರೆ ಕೈ ಜೋಡಿಸುವವರು ಸಿಗುತ್ತಾರೆ.

ಹಾಡು: ಇಲ್ಲಿ ನಿಧಾನ ಮಾಡಿ

ಇಪ್ಪತ್ತು ನಿಮಿಷಕ್ಕೆ ನಾಲ್ಕು ಹಾಡು ಸಾಕು. ಒಂದೊಂದು ನಾಲ್ಕು ಸಾಲು, ಎರಡು ಸಲ ಹಾಡುವುದು. ನಡುವೆ ಐದನೇ ತರಗತಿಯ ಇಬ್ಬರು ಅಕ್ಕಂದಿರೋ ಅಣ್ಣಂದಿರೋ ಕಥೆ ಹೇಳಲಿ. ಅವರ ಕೈಯಲ್ಲಿ ಮಾತು, ಪುಟಾಣಿಗಳ ಬಾಯಲ್ಲಿ ಹಾಡು. ಮಾತಿನ ಸಾಲು ಮರೆತರೆ ಮಗು ಒಬ್ಬಂಟಿಯಾಗುತ್ತದೆ. ಹಾಡಿನ ಸಾಲು ಮರೆತರೆ ಪಕ್ಕದ ಮಗು ಹಾಡುತ್ತಿರುತ್ತದೆ, ಮುಂದಿನ ಸಾಲಿಗೆ ಸೇರಿಕೊಂಡರಾಯಿತು.

ಹಾಡನ್ನು ನೀವೇ ಕಟ್ಟಿ. ಕಷ್ಟವಲ್ಲ. ಹೊಳೆಯ ಕಥೆಗೆ ಹೀಗೊಂದು:

ಬೆಟ್ಟ ಇಳಿದು ಬಂದೆವು
ಗದ್ದೆ ದಾಟಿ ಹೊರಟೆವು
ಬಾರೆ ಬಾರೆ ಕನ್ನಿಕೆ
ಕೂಡಿ ಮುಂದೆ ಹರಿವೆವು

ಎರಡು-ಮೂರು, ಹೆಚ್ಚೆಂದರೆ ನಾಲ್ಕು ಅಕ್ಷರದ ಪದಗಳು, ಪ್ರತಿ ಸಾಲಿಗೂ ಒಂದು ಕೈಯಾಟ. ಒತ್ತಕ್ಷರ ಜಾಸ್ತಿ ಇದ್ದರೆ ಹಲ್ಲು ಬಿದ್ದ ಬಾಯಿಗೆ ತೊಡಕು. ಆರನೇ ವರ್ಷದಲ್ಲಿ ಮುಂದಿನ ಹಲ್ಲು ಬೀಳುವ ಕಾಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಶ್ರುತಿಯ ಬಗ್ಗೆ ಯಾರೂ ಗಮನ ಕೊಡುವುದಿಲ್ಲ, ಆದರೆ ಎಲ್ಲ ಕೆಡುವುದು ಅಲ್ಲೇ. ಮೇಷ್ಟ್ರು ತಮ್ಮ ದನಿಗೆ ಹೊಂದುವ ಕಡೆಯಿಂದ ಎತ್ತಿಕೊಟ್ಟರೆ ಮಕ್ಕಳಿಗೆ ತೀರಾ ಕೆಳಗಾಗುತ್ತದೆ, ಗೊಣಗಿದ ಹಾಗೆ ಕೇಳುತ್ತದೆ. ದೊಡ್ಡವರ ಶ್ರುತಿಗೆ ಮಾಡಿದ ಕರೋಕೆ ಟ್ರ್ಯಾಕ್ ಹಾಕಿದರೆ ಮೇಲಿನ ಸ್ವರಕ್ಕೆ ಮಕ್ಕಳು ಕಿರುಚುತ್ತಾರೆ. ಮಕ್ಕಳು ಆಟದ ಬಯಲಲ್ಲಿ ಒಬ್ಬರನ್ನೊಬ್ಬರು ಕೂಗಿ ಕರೆಯುವಾಗ, ತಮ್ಮಷ್ಟಕ್ಕೆ ಗುನುಗುವಾಗ ದನಿ ಎಲ್ಲಿ ನಿಲ್ಲುತ್ತದೆ ಅಂತ ಕೇಳಿ. ಹಾರ್ಮೋನಿಯಂ ಇದ್ದರೆ ಆ ಸ್ವರ ಹುಡುಕಿ ಗುರುತು ಹಾಕಿಟ್ಟುಕೊಳ್ಳಿ. ಹಾಡಿನ ಅತಿ ಕೆಳಗಿನ ಸ್ವರಕ್ಕೂ ಅತಿ ಮೇಲಿನ ಸ್ವರಕ್ಕೂ ನಡುವೆ ಐದಾರು ಸ್ವರ ಮಾತ್ರ ಇರಲಿ. ಸ ದಿಂದ ಪ ವರೆಗೆ, ತಪ್ಪಿದರೆ ದ. ಪ್ರತಿ ತಾಲೀಮಿಗೂ ಅದೇ ಸ್ವರದಿಂದ ಶುರು ಮಾಡಿ, ಕಾರ್ಯಕ್ರಮದ ದಿನವೂ ಅದೇ.

ಕಲಿಸುವುದು ಬಾಯಿಂದ ಬಾಯಿಗೆ. ನೀವು ಒಂದು ಸಾಲು, ಅವರು ಒಂದು ಸಾಲು. ಕಾಗದ ಕೊಡಬೇಡಿ, ಬೋರ್ಡಿನಲ್ಲಿ ಬರೆಯಬೇಡಿ. ಓದುತ್ತಾ ಹಾಡಿದ ಮಗು ಕಾಗದ ಕಿತ್ತುಕೊಂಡ ದಿನ ನಿಂತುಬಿಡುತ್ತದೆ. ವಾರಕ್ಕೆ ಒಂದೇ ಹೊಸ ಹಾಡು. ಜೋರಾಗಿ ಹಾಡಿ ಅನ್ನಬೇಡಿ, ಆ ಗೋಡೆಗೆ ಕೇಳೋ ಹಾಗೆ ಹಾಡಿ ಅನ್ನಿ. ಜೋರಾಗಿ ಅಂದರೆ ಕಿರುಚುತ್ತಾರೆ. ಗೋಡೆ ಅಂದರೆ ದನಿ ತಾನೇ ತೆರೆದುಕೊಳ್ಳುತ್ತದೆ.

ತಾಳಕ್ಕೆ ದುಡಿ (ಕೊಡವರ ಪುಟ್ಟ ಚರ್ಮವಾದ್ಯ) ಸಿಕ್ಕರೆ ಬೇರೆ ಏನೂ ಬೇಡ. ಅದರ ಸದ್ದು ಮಕ್ಕಳ ದನಿಯನ್ನು ಮುಚ್ಚುವುದಿಲ್ಲ, ಕರೆಂಟೂ ಬೇಡ. ಹುತ್ತರಿಯ ಹೊತ್ತಿಗೆ ಊರಿನವರು ಸೇರುವ ಬಯಲಾದ ಮಂದ್‌ನಲ್ಲಿ ಕೋಲಾಟ ನೋಡಿದ ಮಕ್ಕಳಿಗೆ ಆ ಲಯ ಕಾಲಿಗೆ ಗೊತ್ತಿರುತ್ತದೆ. ಆದರೆ ಊರಿನ ಹಾಡುಗಳನ್ನು ಹಾಗೇ ಎತ್ತಿ ವೇದಿಕೆಗೆ ತರುವ ಮುನ್ನ ಹಿರಿಯರನ್ನು ಕೇಳಿ. ಮದುವೆಯ ಹಾಡು ಬೇರೆ, ಹಬ್ಬದ್ದು ಬೇರೆ, ಸಾವಿನ ಮನೆಯ ಹಾಡು ಬೇರೆ. ರಾಗ ಚೆನ್ನಾಗಿದೆ ಅಂತ ಗೊತ್ತಿಲ್ಲದೆ ಸಾವಿನ ಹಾಡಿನ ಧಾಟಿ ಮಕ್ಕಳ ಬಾಯಿಗೆ ಹಾಕಿದರೆ ಕೂತವರ ಮನಸ್ಸಿಗೆ ನೋವಾಗುತ್ತದೆ.

ಪಾತ್ರ ಹಂಚುವುದು

ಪುಟಾಣಿಗಳ ನಾಟಕದಲ್ಲಿ ಹೀರೋ ಬೇಡ. ಯಾವ ಮಗುವೂ ಒಂಟಿಯಾಗಿ ಹಾಡುವಂತಿರಬಾರದು, ತಾನೇ ಕೇಳಿಕೊಂಡ ಹೊರತು. ಮೂರು-ನಾಲ್ಕು ಮಕ್ಕಳ ಗುಂಪು ಮಾಡಿ. ಪ್ರತಿ ಗುಂಪಿನಲ್ಲಿ ಸ್ವಲ್ಪ ಧೈರ್ಯದ ಒಂದು ಮಗು, ಅದರ ಪಕ್ಕ ನಾಚುವ ಮಗು. ಜಗಳವಾಡಿಕೊಂಡವರನ್ನು ಒಂದೇ ಗುಂಪಿಗೆ ಹಾಕಿ ರಾಜಿ ಮಾಡಿಸುವ ಪ್ರಯತ್ನ ಈಗ ಬೇಡ.

ಕಪ್ಪಗಿರುವ ಮಗುವಿಗೆ ಆನೆ, ಬೆಳ್ಳಗಿರುವ ಮಗುವಿಗೆ ಹೂವು, ದಪ್ಪಗಿರುವ ಮಗುವಿಗೆ ನಗಿಸುವ ಪಾತ್ರ. ಇದು ಇನ್ನೂ ನಡೆಯುತ್ತಿದೆ, ನಿಲ್ಲಬೇಕು. ಮಗುವಿಗೆ ಅದು ಅರ್ಥವಾಗುತ್ತದೆ. ತೋಟದ ಮಾಲೀಕರ ಮಗು ಮುಂದಿನ ಸಾಲು, ಲೈನ್ ಮನೆಯ ಮಗು ಹಿಂದೆ ಮರ ಹಿಡಿದು ನಿಲ್ಲುವುದು ಇನ್ನೂ ಕೆಟ್ಟದ್ದು. ಯಾವ ಗುಂಪಿಗೆ ಯಾವ ಪಾತ್ರ ಅನ್ನುವುದನ್ನು ಚೀಟಿ ಎತ್ತಿ ಗೊತ್ತು ಮಾಡಿ, ಎತ್ತರ ನೋಡಿ ಸಾಲು ಮಾಡಿ. ಯಾರೂ ದೂರು ಹೇಳುವಂತಿಲ್ಲ.

ಕೊಡಗಿನ ಒಂದು ತರಗತಿಯಲ್ಲಿ ಎಷ್ಟು ಭಾಷೆ ಇರುತ್ತದೆ ನೋಡಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ತಮಿಳು, ಯರವ, ಕುರುಬ. ಈಚೆಗೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಮನೆಯಲ್ಲಿ ಕನ್ನಡ ಇಲ್ಲದ ಮಗು ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಆದರೆ ಹಾಡಿನಲ್ಲಿ ಬಿಡುತ್ತದೆ. ಮಾತಾಡಲು ಪದ ತಾನೇ ಹುಡುಕಬೇಕು, ಹಾಡಿನಲ್ಲಿ ಪದ ಮೊದಲೇ ಇರುತ್ತದೆ. ಹಾಡು-ನಾಟಕವೇ ಮಾಡಿ ಎಂದು ನಾನು ಒತ್ತಿ ಹೇಳಲು ದೊಡ್ಡ ಕಾರಣ ಇದು. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೊಳೆ ಹಾದುಹೋಗುವಾಗ ಪ್ರತಿ ಗುಂಪು "ಬಾ, ನೀರು ಕುಡಿ" ಅನ್ನುವ ಒಂದು ಸಾಲನ್ನು ಆ ಗುಂಪಿನ ಒಂದು ಮಗುವಿನ ಮನೆಯ ಭಾಷೆಯಲ್ಲಿ ಹೇಳಲಿ. ಆ ಸಾಲು ಹೇಗೆ ಹೇಳುವುದು ಅಂತ ಮಕ್ಕಳನ್ನೇ ಕೇಳಿ, ಮನೆಯಿಂದ ಕೇಳಿಕೊಂಡು ಬರಲು ಹೇಳಿ. ತನ್ನ ಭಾಷೆ ಮೈಕಿನಲ್ಲಿ ಬಂದಾಗ ಹಿಂದೆ ನಿಂತಿರುವ ಆ ಮಗುವಿನ ಅಮ್ಮನಿಗೂ ಅದು ತನ್ನ ಶಾಲೆ ಅನಿಸುತ್ತದೆ.

ತಾಲೀಮು

ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ. ಅದಕ್ಕಿಂತ ಜಾಸ್ತಿ ಬೇಡ. ನಲಿ-ಕಲಿ ತರಗತಿಯಲ್ಲಿ ಹೇಗೂ ಹಾಡಿನ ಹೊತ್ತು ಇರುತ್ತದೆ, ಅಲ್ಲೇ ಸೇರಿಸಿ. ಊಟ ಆದ ಕೂಡಲೇ ಬೇಡ, ಶಾಲೆ ಬಿಡುವ ಹೊತ್ತಿಗಂತೂ ಬೇಡವೇ ಬೇಡ. ಬಸ್ಸು ತಪ್ಪುತ್ತದೆ ಅನ್ನುವ ಭಯದಲ್ಲಿ ಯಾವ ಮಗುವೂ ಹಾಡುವುದಿಲ್ಲ.

ಮೊದಲ ಎರಡು ವಾರ ನಾಟಕ ಅನ್ನುವ ಪದವನ್ನೇ ಎತ್ತದೆ ಹಾಡು, ಆಟ ಅಷ್ಟೇ ಆಗಲಿ. ಮೂರನೇ ವಾರ ಅಂಗಳದಲ್ಲಿ ಸೀಮೆಸುಣ್ಣದಿಂದ ವೇದಿಕೆಯಷ್ಟೇ ದೊಡ್ಡ ಚೌಕ ಎಳೆಯಿರಿ. ಅಳತೆ ಸರಿಯಾಗಿರಬೇಕು. ಅಂಗಳದಲ್ಲಿ ಓಡಾಡಿ ಕಲಿತ ಮಕ್ಕಳಿಗೆ ಚಿಕ್ಕ ವೇದಿಕೆ ಸಿಕ್ಕರೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಪ್ರತಿ ಗುಂಪಿಗೆ ಒಂದು ಬಣ್ಣದ ಗುರುತು. ಹಳದಿ ಮೀನುಗಳದ್ದು, ಕೆಂಪು ಕಪ್ಪೆಗಳದ್ದು. ವೇದಿಕೆಯ ಮೇಲೂ ಅದೇ ಬಣ್ಣದ ಟೇಪು ಅಂಟಿಸಿ. ಎಡದಿಂದ ಹತ್ತುವುದು ಅಂದರೆ ಯಾವಾಗಲೂ ಎಡದಿಂದಲೇ.

ತಪ್ಪಾದರೆ ನಿಲ್ಲಿಸಬೇಡಿ, ಹಾಡು ಮುಂದೆ ಹೋಗುತ್ತಿರಲಿ. ತಪ್ಪಾದರೂ ನಾಟಕ ನಡೆಯುತ್ತದೆ ಅನ್ನುವುದನ್ನೇ ಮಗು ತಾಲೀಮಿನಲ್ಲಿ ಕಲಿಯಬೇಕು. ಪ್ರತಿ ಸಲ ನಿಲ್ಲಿಸಿ ತಿದ್ದಿದರೆ, ಆ ದಿನವೂ ತಪ್ಪಾದ ಕೂಡಲೇ ನಿಂತು ನಿಮ್ಮ ಮುಖ ನೋಡುತ್ತದೆ. ಬೈಯುವುದು, ಹೆಸರು ಹಿಡಿದು "ನಿನ್ನಿಂದ ಎಲ್ಲಾ ಹಾಳಾಯ್ತು" ಅನ್ನುವುದು, ಇನ್ನೊಂದು ಮಗುವಿಗೆ ಹೋಲಿಸುವುದು ಯಾವುದೂ ಬೇಡ.

ಕೊನೆಯ ವಾರ ಒಂದು ಸಲ ವೇಷ ಹಾಕಿ, ಒಂದು ಸಲ ಮೈಕಿನಲ್ಲಿ, ಒಂದು ಸಲ ಮೂರು-ನಾಲ್ಕನೇ ತರಗತಿಯ ಮಕ್ಕಳನ್ನು ಎದುರು ಕೂರಿಸಿ ಆಡಿಸಿ. ಕೂತವರಿಗೆ ಚಪ್ಪಾಳೆ ತಟ್ಟಲು ಹೇಳಿಕೊಡಿ. ಚಪ್ಪಾಳೆಯ ಸದ್ದಿಗೇ ಬೆಚ್ಚಿ ಅಳುವ ಮಕ್ಕಳಿರುತ್ತಾರೆ, ಮೊದಲೇ ಕೇಳಿಸಿದರೆ ಆ ಭಯ ಹೋಗುತ್ತದೆ.

ಬಟ್ಟೆ, ಬಣ್ಣ

ಹೊಸದೇನೂ ಕೊಳ್ಳಬೇಡಿ, ಬಾಡಿಗೆಗೂ ತರಬೇಡಿ. ಮುನ್ನೂರು ರೂಪಾಯಿಯ ಬಾಡಿಗೆ ವೇಷ ಕೂಲಿ ಮಾಡುವ ಮನೆಗೆ ಹೊರೆ. ದುಡ್ಡು ಇಲ್ಲ ಅನ್ನಲು ನಾಚಿ ಮಗುವನ್ನೇ ಕಳಿಸದೆ ಇರುತ್ತಾರೆ. ಹಳೆ ಸೀರೆ, ಪಂಚೆ, ಅಡಿಕೆ ಹಾಳೆ, ನ್ಯೂಸ್‌ಪೇಪರ್ ಸಾಕು. ಹಾಳೆಯಲ್ಲಿ ಮಂಗಟ್ಟೆಯ ಕೊಕ್ಕು, ಆನೆಯ ಕಿವಿ, ಮೀನಿನ ಬಾಲ ಎಲ್ಲಾ ಬರುತ್ತದೆ. ಒಂದು ಹೊತ್ತು ನೀರಲ್ಲಿ ನೆನೆಸಿಟ್ಟರೆ ಕತ್ತರಿಸಲು ಸುಲಭ. ಕಾಫಿ ಗೋಣಿಚೀಲ ಚೆಂದ ಕಾಣುತ್ತದೆ, ಆದರೆ ಮೈ ತುರಿಸುತ್ತದೆ. ಒಳಗೆ ಹತ್ತಿ ಬಟ್ಟೆ ಇಲ್ಲದೆ ಹಾಕಬೇಡಿ.

ಮುಖ ಮುಚ್ಚುವ ಮುಖವಾಡ ಬೇಡ, ಹಣೆಗೆ ಕಟ್ಟುವ ಪಟ್ಟಿಯ ಮೇಲೆ ಕಿವಿ-ಕೊಕ್ಕು ಅಂಟಿಸಿ. ಮಗುವಿನ ಕಣ್ಣು, ಬಾಯಿ ತೆರೆದಿರಬೇಕು. ಕುತ್ತಿಗೆಗೆ ದಾರ ಕಟ್ಟಬೇಡಿ, ಹೆಗಲ ಮೇಲೆ ಪಿನ್ ಹಾಕಿ. ಸ್ವೆಟರ್ ಮೇಲೆಯೇ ಹಾಕುವಷ್ಟು ಸಡಿಲ ಇರಲಿ. ಮುಖ್ಯವಾಗಿ, ಒಂದು ನಿಮಿಷದಲ್ಲಿ ಬಿಚ್ಚಿ ಶೌಚಕ್ಕೆ ಕರೆದುಕೊಂಡು ಹೋಗುವಂತಿರಬೇಕು.

ಕೊಡವ ಗಂಡಸರ ಕುಪ್ಯ-ಚೇಲೆ (ನಿಲುವಂಗಿ, ಸೊಂಟಪಟ್ಟಿ), ಕೊಡವ ಸೀರೆ ಉಡಿಸಬೇಕು ಅಂತ ಆಸೆಯಿದ್ದರೆ ಆ ಮನೆಗಳ ಹಿರಿಯರನ್ನು ಕೇಳಿ, ಅವರಿಂದಲೇ ಉಡಿಸಿ. ಅದು ನಾಟಕದ ವೇಷ ಅಲ್ಲ, ಅವರ ಮನೆಯ ಗೌರವದ ಉಡುಪು. ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಬೇಕೇ ಬೇಕೆಂದರೆ ರಟ್ಟಿನದು.

ಬಣ್ಣ ಆದಷ್ಟು ಕಡಿಮೆ. ಹಿಂದಿನ ದಿನ ಮುಂಗೈ ಒಳಬದಿಗೆ ಒಂದು ಚುಕ್ಕೆ ಹಚ್ಚಿ ನೋಡಿ, ಕೆಂಪಾದರೆ ಬಿಡಿ. ಕೆನ್ನೆಗೆ ಎರಡು ಗೆರೆ ಎಳೆದರೂ ಮೀನು ಮೀನೇ.

ವೇದಿಕೆ, ಮೈಕ್, ಕರೆಂಟು

ವೇದಿಕೆ ಎರಡಡಿಗಿಂತ ಎತ್ತರ ಇದ್ದರೆ ಅಂಚಿನುದ್ದಕ್ಕೂ ಹೂಕುಂಡ ಇಡಿ, ಮಕ್ಕಳ ಗುರುತುಗಳು ಅಂಚಿನಿಂದ ನಾಲ್ಕಡಿ ಹಿಂದಿರಲಿ. ಅದಕ್ಕಿಂತ ಒಳ್ಳೆಯದು, ವೇದಿಕೆಯನ್ನೇ ಬಿಟ್ಟು ಅಂಗಳದಲ್ಲಿ ಜಮಖಾನ ಹಾಸಿ ಆಡಿಸುವುದು, ಜನ ಮೂರು ಕಡೆ ಕೂರುವುದು. ಮಕ್ಕಳಿಗೆ ಅಪ್ಪ-ಅಮ್ಮ ಹತ್ತಿರ ಕಾಣುತ್ತಾರೆ, ದನಿಯೂ ಕೇಳುತ್ತದೆ.

ಮೈಕಿನವರಿಗೆ ಮೊದಲೇ ಹೇಳಿಡಿ: ಮುಂದೆ ಎರಡು ಸ್ಟ್ಯಾಂಡ್ ಮೈಕ್, ಮಕ್ಕಳ ಎದೆಯ ಎತ್ತರಕ್ಕೆ. ಕಥೆ ಹೇಳುವ ಇಬ್ಬರಿಗೆ ಕೈ ಮೈಕ್. ಸ್ಪೀಕರ್‌ಗಳು ಮೈಕ್‌ಗಿಂತ ಮುಂದೆ, ಜನರ ಕಡೆಗೆ ಮುಖ ಮಾಡಿರಬೇಕು, ಇಲ್ಲದಿದ್ದರೆ ಕೀಂ ಅನ್ನುತ್ತದೆ. ಆ ಸದ್ದಿಗೆ ಕಿವಿ ಮುಚ್ಚಿದ ಮಗು ಮತ್ತೆ ಕೈ ಇಳಿಸುವುದಿಲ್ಲ. ಮಿನುಗುವ ಲೈಟು, ಹೊಗೆ ಏನೂ ಬೇಡ.

ಕರೆಂಟು ಹೋಗುತ್ತದೆ ಅಂತಲೇ ತಿಳಿದು ತಯಾರಾಗಿ. ಕೊನೆಯ ವಾರ ಒಂದು ತಾಲೀಮನ್ನು ಮೈಕ್ ಇಲ್ಲದೆ, ದುಡಿಯೊಂದರ ತಾಳಕ್ಕೆ ಮಾಡಿಸಿ. ವೈರುಗಳು ಮಕ್ಕಳು ನಡೆಯುವ ದಾರಿಯಲ್ಲಿ, ಒದ್ದೆ ನೆಲದಲ್ಲಿ ಇರಬಾರದು. ಬೆಳಿಗ್ಗೆ ಮಂಜು ಬಿದ್ದ ಅಂಗಳವೂ ಒದ್ದೆಯೇ.

ಮನೆಯವರಿಗೆ ಕೆಲವು ಮಾತು

ಮನೆಯಲ್ಲಿ ತಾಲೀಮು ಮಾಡಿಸಬೇಡಿ. ಮಗು ತಾನಾಗಿ ಹಾಡಿದರೆ ಕೇಳಿ, ಜೊತೆಗೆ ಹಾಡಿ, ಅಷ್ಟೇ. ನೆಂಟರು ಬಂದಾಗ "ಎಲ್ಲಿ, ಹಾಡಿ ತೋರಿಸು" ಅನ್ನುವುದು ಆ ಕೆಲವು ವಾರವಾದರೂ ನಿಲ್ಲಲಿ.

"ಹೆದರ್ಬೇಡ" ಅನ್ನುವುದರಿಂದ ಹೆದರಿಕೆ ಹೋಗುವುದಿಲ್ಲ. ಏನಾಗುತ್ತದೆ ಅಂತ ಹೇಳಿ. "ನಾಳೆ ತಿಂಡಿ ತಿಂದು ಹೋಗ್ತೇವೆ. ಟೀಚರ್ ನಿಂಗೆ ಮೀನಿನ ಬಾಲ ಕಟ್ತಾರೆ. ನೀನು ಹಳದಿ ಗುರುತಿನ ಮೇಲೆ ನಿಲ್ತೀಯ. ಟೀಚರ್ ನಿನ್ನೆದುರು ಕೂತಿರ್ತಾರೆ. ನಾನು ಬಲಗಡೆ ಮಾವಿನ ಮರದ ಹತ್ರ ಇರ್ತೇನೆ. ಹಾಡು ಮುಗಿದ ಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೇನೆ." ಹೇಳಿದ ಜಾಗದಲ್ಲೇ ಇರಿ. ಮಗು ಅಲ್ಲಿಗೇ ನೋಡುತ್ತದೆ, ನೀವು ಚಹಾ ಕುಡಿಯಲು ಹೋಗಿದ್ದರೆ ಅದರ ಧೈರ್ಯ ಅಲ್ಲೇ ಮುಗಿಯಿತು.

ವೇದಿಕೆಯ ಮುಂದೆ ಮೊಬೈಲ್ ಹಿಡಿದು ನಿಲ್ಲಬೇಡಿ. ಶಾಲೆಯೇ ಒಬ್ಬರನ್ನು ವಿಡಿಯೋಗೆ ಇಟ್ಟು ಎಲ್ಲರಿಗೂ ಕೊಡಲಿ. ಬೇರೆಯವರ ಮಕ್ಕಳು ಇರುವ ಫೋಟೋ, ವಿಡಿಯೋವನ್ನು ಅವರ ಮನೆಯವರನ್ನು ಕೇಳದೆ ಸ್ಟೇಟಸ್‌ಗೆ ಹಾಕಬೇಡಿ.

ಆ ದಿನ

ಬೆಳಿಗ್ಗೆ ಹಗುರ ತಿಂಡಿ. ಅಕ್ಕಿ ರೊಟ್ಟಿ, ಬಾಳೆಹಣ್ಣು, ಬಿಸಿನೀರು. ದೊಡ್ಡ ಮಕ್ಕಳ ಗಲಾಟೆಯಿಂದ ದೂರ ಒಂದು ಕೋಣೆಯನ್ನು ಪುಟಾಣಿಗಳಿಗೇ ಇಡಿ. ಚಾಪೆ, ನೀರು, ಬಣ್ಣದ ಪೆನ್ಸಿಲ್, ಇಬ್ಬರು ಪರಿಚಯದ ದೊಡ್ಡವರು ಇರಲಿ. ಹತ್ತು ಮಕ್ಕಳಿಗೆ ಇಬ್ಬರಾದರೂ ಬೇಕು. ಯಾರು ಬಂದರು ಅಂತ ಹೆಸರಿನ ಪಟ್ಟಿ ಬಾಗಿಲಲ್ಲೇ. ಕಾಲು ಗಂಟೆ ಮೊದಲು ಎಲ್ಲರೂ ಶೌಚಾಲಯಕ್ಕೆ, "ನಂಗೆ ಬಂದಿಲ್ಲ" ಅನ್ನುವವರೂ. ಬದಲಿ ಚಡ್ಡಿ ನಾಲ್ಕೈದು ಇರಲಿ. ಒದ್ದೆ ಮಾಡಿಕೊಂಡ ಮಗುವಿಗೆ ಮಾತಿಲ್ಲದೆ ಬದಲಿಸಿ, ಯಾರಿಗೂ ಹೇಳಬೇಡಿ.

ಹಾಡು ಕಲಿಸಿದ ಟೀಚರ್ ವೇದಿಕೆಯ ಎದುರು ನೆಲದ ಮೇಲೆ ಕೂರಬೇಕು, ಮಕ್ಕಳ ಕಣ್ಣಿಗೆ ನೇರವಾಗಿ. ಅವರು ಎಲ್ಲ ಹಾಡಿಗೂ ತುಟಿ ಆಡಿಸುತ್ತಾ, ಕೈಯಾಟ ಮಾಡುತ್ತಾ ಇರಲಿ. ಅತಿಥಿಗಳನ್ನು ಬರಮಾಡಿಕೊಳ್ಳುವುದು, ನಿರೂಪಣೆ, ಹಾರ-ಶಾಲು ಯಾವುದನ್ನೂ ಆ ಟೀಚರಿಗೆ ಕೊಡಬೇಡಿ.

ಮಗು ಅತ್ತರೆ, ನಿಂತುಬಿಟ್ಟರೆ

ಒಂದಿಬ್ಬರು ಅತ್ತೇ ಅಳುತ್ತಾರೆ. ಮೊದಲೇ ಮಕ್ಕಳಿಗೆ ಮೂರು ದಾರಿ ಹೇಳಿಕೊಟ್ಟಿರಿ. ಒಂದು, ಗೆಳೆಯನ ಕೈ ಹಿಡಿದು ಸುಮ್ನೆ ನಿಲ್ಲಬಹುದು, ಹಾಡದಿದ್ದರೂ ಪರವಾಗಿಲ್ಲ. ಎರಡು, ಕೆಳಗೆ ಬಂದು ಟೀಚರ್ ಪಕ್ಕ ಕೂತು ಗೆಜ್ಜೆ ಅಲ್ಲಾಡಿಸಬಹುದು. ಮೂರು, ಅಮ್ಮನ ಹತ್ತಿರ ಹೋಗಿ ನೋಡಬಹುದು. ಮೂರನ್ನೂ ತಾಲೀಮಿನಲ್ಲಿ ಒಂದೊಂದು ಸಲ ಮಾಡಿ ನೋಡಲಿ. ಆಗ ಕೆಳಗೆ ಇಳಿದ ಮಗು ಸೋತ ಹಾಗಾಗುವುದಿಲ್ಲ, ಗೆಜ್ಜೆಯೂ ನಾಟಕದ್ದೇ ಅಲ್ವಾ?

ತಳ್ಳಬೇಡಿ, ಎಳೆದು ನಿಲ್ಲಿಸಬೇಡಿ, ಚಾಕೊಲೇಟಿನ ಆಸೆ ತೋರಿಸಬೇಡಿ. ನಿಂತುಬಿಟ್ಟ ಮಗುವನ್ನು ನೋಡಿ ನಗುವವರು ಇರುತ್ತಾರೆ. ನಗು ಪ್ರೀತಿಯದೇ ಇರಬಹುದು, ಮಗುವಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ನಿರೂಪಕರು ನಾಟಕಕ್ಕೆ ಮೊದಲೇ ಒಂದು ಮಾತು ಹೇಳಲಿ: "ಇವರು ಮೊದಲ ಸಲ ಹಾಡ್ತಾ ಇದ್ದಾರೆ. ತಪ್ಪಾದ್ರೆ ನಗದೆ ಕಾಯೋಣ, ಮುಗಿದ ಮೇಲೆ ಚಪ್ಪಾಳೆ ತಟ್ಟೋಣ." ಇಷ್ಟು ಹೇಳಿದರೆ ಜನ ಕೇಳುತ್ತಾರೆ.

ಮುಗಿದ ಮೇಲೆ

ಹಾಡು ಮುಗಿದ ಕೂಡಲೇ ಅಮ್ಮಂದಿರು ವೇದಿಕೆಗೆ ನುಗ್ಗುವುದು ಬೇಡ. ಎಲ್ಲರೂ ಸಾಲಾಗಿ ಅದೇ ಕೋಣೆಗೆ ಹೋಗಲಿ, ಅಲ್ಲಿ ಪಟ್ಟಿ ನೋಡಿ ಮನೆಯವರ ಕೈಗೆ ಕೊಡಿ. ಪಕ್ಕದ ಮನೆಯವರು ಬಂದು "ನಾನು ಕರ್ಕೊಂಡು ಹೋಗ್ತೇನೆ" ಅಂದರೆ ಫೋನ್ ಮಾಡಿ ಕೇಳದೆ ಕಳಿಸಬೇಡಿ. ಲೈನ್ ಮನೆ ದೂರ ಇರುವ ಮಕ್ಕಳಿಗೆ ಜೀಪು ಯಾರದ್ದು, ಎಷ್ಟು ಹೊತ್ತಿಗೆ ಅನ್ನುವುದು ಹಿಂದಿನ ದಿನವೇ ಗೊತ್ತಾಗಿರಬೇಕು. ಒಂದನೇ, ಎರಡನೇ ಬಹುಮಾನ ಇಡಬೇಡಿ. ಎಲ್ಲರಿಗೂ ಒಂದೇ ಥರದ್ದು, ಬೇಕಾದರೆ ಕಡಂಬುಟ್ಟು (ಅಕ್ಕಿತರಿಯ ಉಂಡೆ) ಮಾಡಿಸಿ ಬಡಿಸಿ.

ಕಾರ್ಯಕ್ರಮ ಆದ ಮೇಲೆ ಶಾಲೆ ತೆರೆದ ಮೊದಲ ದಿನ ಒಂದು ಪೀರಿಯಡ್ ಬಿಡುವು ಇಟ್ಟುಕೊಳ್ಳಿ. ಮಕ್ಕಳು ಹಾಡುಗಳನ್ನು ಇನ್ನೊಮ್ಮೆ ಹಾಡಲು ಕೇಳುತ್ತಾರೆ. ಕೆಳಗೆ ಕೂತಿದ್ದ ಮಗು ಈ ಸಲ ಎದ್ದು ನಿಲ್ಲಬಹುದು, ಅದಕ್ಕೂ ಜಾಗ ಬೇಕು. ದುಡಿ ಕೊಟ್ಟವರಿಗೆ, ಸೀರೆ ಕೊಟ್ಟವರಿಗೆ ಮಕ್ಕಳ ಕೈಯಿಂದಲೇ ವಾಪಸ್ ಕೊಡಿಸಿ. ನಾಲ್ಕು ಹಾಡು, ಶ್ರುತಿ ಹಿಡಿದ ಸ್ವರ, ಗುಂಪುಗಳ ಪಟ್ಟಿ, ಯಾವ ಸಾಲಿನಲ್ಲಿ ಮಕ್ಕಳು ತಡವರಿಸಿದರು ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಶಾಲೆಯ ಬೀರುವಿನಲ್ಲಿಡಿ. ನಿಮಗೆ ವರ್ಗವಾದರೆ ಮುಂದೆ ಬರುವ ಟೀಚರಿಗೆ ಬೇಕಾಗುತ್ತದೆ.